ಹೆಸರು ಬದಲಿಸಿದರೆ ಸಾಕೇ?

ಕನ್ನಡದ ಪತ್ರಿಕೆಗಳನ್ನು ಓದುವವರಿಗೆ ಒಂದು ಆವರಣ ಚಿಹ್ನೆ ಚೆನ್ನಾಗಿ ಪರಿಚಿತ. ಮನಸ್ಸಿನ ಆರೋಗ್ಯದ ಅಂಕಣದಲ್ಲಿ ಸುಮಾ ಎಂದೋ ರಮೇಶ ಎಂದೋ ಒಬ್ಬರ ಕಥೆ ಶುರುವಾಗುತ್ತದೆ. ಪಕ್ಕದಲ್ಲೇ ಆವರಣದೊಳಗೆ ಎರಡು ಪದ: ಹೆಸರು ಬದಲಿಸಲಾಗಿದೆ. ಅದನ್ನು ಕಂಡೊಡನೆ ನಮಗೆ ಸಮಾಧಾನವಾಗುತ್ತದೆ. ಯಾರಿಗೂ ತೊಂದರೆಯಾಗದಂತೆ ಯಾರದೋ ಸಂಕಟವನ್ನು ಓದುತ್ತಿದ್ದೇವೆ ಎಂಬ ಸಮಾಧಾನ ಅದು.

ಆ ಸಮಾಧಾನ ಎಷ್ಟು ಗಟ್ಟಿ? ಉದಾಹರಣೆಗೆ ಹೀಗೊಂದು ವಾಕ್ಯವನ್ನು ಊಹಿಸಿಕೊಳ್ಳಿ: 'ಮಲೆನಾಡಿನ ಒಂದು ಚಿಕ್ಕ ಊರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ, ಗಂಡ ಗಲ್ಫ್‌ನಲ್ಲಿರುವ, ಎರಡು ವರ್ಷದ ಹಿಂದೆ ಮಗುವನ್ನು ಕಳೆದುಕೊಂಡ ಸುಮಾ (ಹೆಸರು ಬದಲಿಸಲಾಗಿದೆ).' ಬೆಂಗಳೂರಿನಲ್ಲಿ ಕೂತು ಓದುವವರಿಗೆ ಈ ಸುಮಾ ಯಾರೂ ಅಲ್ಲ. ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಬಿಡಿಸಿದವರಿಗೆ ಮಾತ್ರ ಹೆಸರಿನ ಅಗತ್ಯವೇ ಇಲ್ಲ. ನಮ್ಮಲ್ಲಿ ಮನುಷ್ಯರನ್ನು ಗುರುತಿಸುವುದು ಹೆಸರಿಗಿಂತ ಹೆಚ್ಚಾಗಿ ಊರು, ಮನೆತನ, ಕೆಲಸ, ಯಾರ ಸೊಸೆ, ಯಾರ ಮಗ ಎಂಬುದರಿಂದ. ಬದಲಿಸಿದ ಹೆಸರು ಅಪರಿಚಿತರಿಂದ ಕಾಪಾಡುತ್ತದೆ. ಆದರೆ ಚಿಕಿತ್ಸೆಗೆ ಹೋದವರಿಗೆ ಇರುವ ಹೆದರಿಕೆ ಅಪರಿಚಿತರದ್ದಲ್ಲ, ಪರಿಚಿತರದ್ದು.

ಮನೋಚಿಕಿತ್ಸೆಯ ಗೋಪ್ಯತೆಯನ್ನು ನಾವು ಸಾಮಾನ್ಯವಾಗಿ ವೃತ್ತಿಯ ಅಥವಾ ಕಾನೂನಿನ ವಿಷಯವೆಂದು ನೋಡುತ್ತೇವೆ. ಅದು ಸಾಹಿತ್ಯ ವಿಮರ್ಶೆಯ ಪ್ರಶ್ನೆಯೂ ಹೌದು ಎಂದು ನನಗನ್ನಿಸುತ್ತದೆ. ಏಕೆಂದರೆ ಚಿಕಿತ್ಸೆಯ ಕೋಣೆಯಿಂದ ಹೊರಬರುವ ಗುಟ್ಟು ಹೆಚ್ಚಾಗಿ ಹೊರಬರುವುದು ಕಥೆಯ ರೂಪದಲ್ಲಿ. ವೈದ್ಯರು ಕೇಸ್ ಹಿಸ್ಟರಿ ಎನ್ನುವ ಪ್ರಕರಣ ಕಥನಕ್ಕೆ ನಿರೂಪಕನಿದ್ದಾನೆ, ಪಾತ್ರಗಳಿವೆ, ಆಯ್ಕೆ ಇದೆ, ಅಂತ್ಯವಿದೆ. 1895ರಲ್ಲಿ ಬ್ರಾಯರ್ ಜೊತೆ ಪ್ರಕಟಿಸಿದ ಹಿಸ್ಟೀರಿಯಾ ಕುರಿತ ಪುಸ್ತಕದಲ್ಲಿ ಸಿಗ್ಮಂಡ್ ಫ್ರಾಯ್ಡ್ ತನ್ನ ಬರಹಗಳು ಸಣ್ಣಕಥೆಗಳಂತೆ ಓದಿಸಿಕೊಳ್ಳುತ್ತವೆ, ವಿಜ್ಞಾನದ ಗಂಭೀರ ಮುದ್ರೆ ಅವುಗಳಿಗಿಲ್ಲವೆಂದು ಕಾಣುತ್ತದೆ ಎಂದು ತಾನೇ ಅಚ್ಚರಿಪಟ್ಟಿದ್ದ. ಕಥೆ ಎಂದ ಮೇಲೆ ಕಥೆಗೆ ಕೇಳುವ ಪ್ರಶ್ನೆಗಳನ್ನು ಅದಕ್ಕೂ ಕೇಳಬೇಕು. ನಾನು ಕೇಳಬಯಸುವುದು ಒಂದನ್ನೇ: ಈ ಕಥೆಯ ಮೊದಲ ಓದುಗರು ಯಾರು? ಯಾರ ಬಗ್ಗೆ ಬರೆಯಲಾಗಿದೆಯೋ ಅವರು ಅದನ್ನು ಓದುತ್ತಾರೆಂದು ಬರೆದವರು ಎಣಿಸಿದ್ದರೇ?

ಈ ಪ್ರಶ್ನೆಗೆ ಬಹಳ ಹಳೆಯ, ಬಹಳ ಪ್ರಾಮಾಣಿಕವಾದ, ಆದರೂ ಒಪ್ಪಲಾಗದ ಉತ್ತರ ಫ್ರಾಯ್ಡ್‌ನ 'ಡೋರಾ' ಪ್ರಕರಣದ ಮುನ್ನುಡಿಯಲ್ಲಿದೆ. 1900ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಮೂರು ತಿಂಗಳೂ ತುಂಬದ ಅವಧಿಗೆ, ಹದಿನೆಂಟರ ಹುಡುಗಿಯೊಬ್ಬಳು ವಿಯೆನ್ನಾದಲ್ಲಿ ಅವನ ಬಳಿ ಬಂದಳು. ವರ್ಷದ ಕೊನೆಯ ದಿನ ಅವಳೇ ಚಿಕಿತ್ಸೆ ನಿಲ್ಲಿಸಿ ಹೋದಳು. ಫ್ರಾಯ್ಡ್ ಕೂಡಲೇ ಬರೆದ, ಆದರೆ ಪ್ರಕಟಿಸಿದ್ದು 1905ರಲ್ಲಿ. ಮುನ್ನುಡಿಯಲ್ಲಿ ಅವನು ತನ್ನ ಸಂಕೋಚಗಳನ್ನು ಒಂದೊಂದಾಗಿ ಬಿಡಿಸಿಡುತ್ತಾನೆ. ತಾವು ಹೇಳಿದ್ದು ವೈಜ್ಞಾನಿಕ ಬಳಕೆಗೆ ಬರುತ್ತದೆಂದು ತಿಳಿದಿದ್ದರೆ ರೋಗಿಗಳು ಬಾಯಿ ಬಿಡುತ್ತಲೇ ಇರಲಿಲ್ಲ. ಅನುಮತಿ ಕೇಳಿದರೂ ಸಿಗುತ್ತಿರಲಿಲ್ಲ. ಹಾಗಿದ್ದರೂ ಒಬ್ಬ ರೋಗಿಗೆ ಇರುವಂತೆ ವಿಜ್ಞಾನಕ್ಕೂ, ಅದೇ ರೋಗದಿಂದ ನರಳುವ ಬೇರೆಯವರಿಗೂ ವೈದ್ಯ ಬದ್ಧನಾಗಿರಬೇಕು ಎಂಬುದು ಅವನ ವಾದ. ಅದಕ್ಕಾಗಿ ನಾಲ್ಕು ವರ್ಷ ಕಾದಿದ್ದಾನೆ, ಹೆಸರು ಬದಲಿಸಿದ್ದಾನೆ, ವೈದ್ಯರಷ್ಟೇ ಓದುವ ಪತ್ರಿಕೆಗೆ ಕೊಟ್ಟಿದ್ದಾನೆ. ಆದರೂ ತನ್ನ ಊರಿನ ಕೆಲವು ವೈದ್ಯರು ಇದನ್ನು, ಪಾತ್ರಗಳ ಹಿಂದಿರುವ ನಿಜವಾದ ಜನರನ್ನು ಪತ್ತೆ ಹಚ್ಚುವ ಮೋಜಿಗೆಂದೇ ಓದುತ್ತಾರೆ ಎಂದು ಅವನಿಗೆ ಗೊತ್ತು. ಅದಕ್ಕೆ ಅವನಿಗೆ ಅಸಹ್ಯವೂ ಇದೆ.

ಇಷ್ಟೆಲ್ಲ ಎಚ್ಚರದ ನಡುವೆ ಅವನು ಹೇಳುವ ಒಂದು ಮಾತು ಗಮನಿಸಬೇಕಾದ್ದು. ಈ ಬರಹ ಅಕಸ್ಮಾತ್ತಾಗಿ ಆ ಹುಡುಗಿಯ ಕೈಗೇ ಸಿಕ್ಕರೆ ಅವಳಿಗೆ ನೋವಾಗುವುದನ್ನು ತಪ್ಪಿಸಲಾರೆ. ಆದರೆ ಅವಳಿಗೆ ಗೊತ್ತಿಲ್ಲದ್ದೇನೂ ಇದರಲ್ಲಿಲ್ಲ, ಇದು ತಾನೇ ಎಂದು ತನ್ನನ್ನು ಬಿಟ್ಟು ಬೇರೆ ಯಾರಿಗೆ ತಿಳಿದೀತು ಎಂದು ಅವಳೇ ಕೇಳಿಕೊಳ್ಳಬಹುದು. ಇದು ಆ ಮುನ್ನುಡಿಯ ಸಮಾಧಾನ. ವಿಮರ್ಶೆಯ ಕಣ್ಣಿಗೆ ಇಲ್ಲೇ ಬಿರುಕು ಕಾಣುತ್ತದೆ. ಅವಳಿಗೆ ಗೊತ್ತಿಲ್ಲದ್ದು ಅದರಲ್ಲಿ ಬೇಕಾದಷ್ಟಿತ್ತು. ತಂದೆಯ ಗೆಳೆಯನಿಂದ ತನಗಾದ ಕಿರುಕುಳವನ್ನು ಹೇಳಿಕೊಂಡವಳು ಅವಳು. ಆ ಘಟನೆ ನಡೆದದ್ದೇ ಎಂದು ಫ್ರಾಯ್ಡ್ ನಂಬಿದ. ಅಷ್ಟರ ಮಟ್ಟಿಗೆ ಅವನು ಆ ಮನೆಯ ದೊಡ್ಡವರಿಗಿಂತ ಮೇಲು. ಆದರೆ ಒಳಗೊಳಗೇ ಅವಳಿಗೆ ಆ ಮನುಷ್ಯನ ಮೇಲೆ ಪ್ರೀತಿಯಿತ್ತು ಎಂದೂ ಬರೆದ. ಅವಳು ಒಪ್ಪದೆ ಎದ್ದುಹೋದ ತೀರ್ಮಾನ ಅವಳ ಕಥೆಯಾಗಿ ಉಳಿಯಿತು. ಗೋಪ್ಯತೆ ಎಂದರೆ ಹೇಳಿದ್ದನ್ನು ಬಚ್ಚಿಡುವುದು ಎಂದಷ್ಟೇ ತಿಳಿದಿದ್ದೇವೆ. ಹೇಳಿದ್ದರ ಮೇಲೆ ಇನ್ನೊಬ್ಬರು ಹೇರಿದ ಅರ್ಥ, ಹೇಳಿದವರ ಬೆನ್ನ ಹಿಂದೆ ಊರು ಸುತ್ತುವುದೂ ಗೋಪ್ಯತೆಯ ಭಂಗವೇ ಅಲ್ಲವೇ?

'ಡೋರಾ' ಎಂಬ ಹೆಸರು ಎಲ್ಲಿಂದ ಬಂತೆಂದು ಫ್ರಾಯ್ಡ್ ಬೇರೊಂದು ಪುಸ್ತಕದಲ್ಲಿ ಹೇಳಿದ್ದಾನೆ. ಅವನ ತಂಗಿ ರೋಸಾಳ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇದ್ದ ಹುಡುಗಿಯ ಹೆಸರೂ ರೋಸಾ. ಯಜಮಾನಿಯ ಹೆಸರನ್ನು ಆಳು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಅವಳು ಆ ಮನೆಯಲ್ಲಿ ಡೋರಾ ಆದಳು. ತನ್ನದೇ ಹೆಸರನ್ನು ಉಳಿಸಿಕೊಳ್ಳಲಾಗದವಳಿಗೆ ಹೆಸರು ಹುಡುಕುವಾಗ ಅದೇ ನೆನಪಾಯಿತಂತೆ. ರಕ್ಷಣೆಗೆಂದು ಕೊಟ್ಟ ಹೆಸರಿನೊಳಗೆ ಹೆಸರು ಕಿತ್ತುಕೊಂಡ ಕಥೆಯೊಂದು ಅಡಗಿದೆ. ಹೆಸರು ಬದಲಿಸುವುದು ಯಾವಾಗಲೂ ಉಪಕಾರವಲ್ಲ. ಯಾರು ಬದಲಿಸಿದರು, ಯಾರನ್ನು ಕೇಳಿ ಬದಲಿಸಿದರು ಎಂಬುದರ ಮೇಲೆ ಅದು ನಿಂತಿದೆ.

ಆ ಗುಟ್ಟು ಉಳಿಯಲೂ ಇಲ್ಲ. 1920ರ ದಶಕದ ಮೊದಲಲ್ಲಿ ಆಕೆ ಬೇರೊಬ್ಬ ವೈದ್ಯ ಫೆಲಿಕ್ಸ್ ಡಾಯ್ಚ್ ಬಳಿ ಹೋದಾಗ ಆಕೆ ಯಾರೆಂದು ಅವನಿಗೆ ಗೊತ್ತಾಯಿತು. ತನ್ನ ಬಗ್ಗೆ ಬರೆದಿದ್ದಾರೆಂಬ ಹೆಮ್ಮೆ ಆಕೆಯಲ್ಲಿ ಕಂಡಿತು ಎಂದು ಅವನು ಆಕೆ ತೀರಿಕೊಂಡ ಮೇಲೆ, 1957ರಲ್ಲಿ ಬರೆದ. ಆಕೆಯ ಮುಂದಿನ ಬದುಕಿನ ಒಂದು ಕಟುವಾದ ಚಿತ್ರವನ್ನೂ ಕೊಟ್ಟ. ಹೆಮ್ಮೆಯ ಈ ಸಂಗತಿಯನ್ನು ಬಿಟ್ಟುಬಿಟ್ಟರೆ ನನ್ನ ವಾದ ಸುಲಭವಾಗುತ್ತದೆ, ಆದರೆ ಬಿಡುವಂತಿಲ್ಲ. ಮನುಷ್ಯರಿಗೆ ತಮ್ಮ ಕಥೆ ಗುಟ್ಟಾಗಿರಬೇಕು ಎಂಬ ಆಸೆಯಷ್ಟೇ ಅಲ್ಲ, ಅದು ಯಾರಿಗಾದರೂ ಮುಖ್ಯವಾಗಬೇಕು ಎಂಬ ಆಸೆಯೂ ಇರುತ್ತದೆ. ಅದಕ್ಕೇ ನಿರ್ಧಾರ ಅವರದ್ದಾಗಿರಬೇಕು. ಆಕೆಯ ನಿಜ ಹೆಸರು ಇಂದು ವಿಶ್ವಕೋಶಗಳಲ್ಲಿದೆ, ಬಯಸಿದವರು ನೋಡಬಹುದು. ಈ ಬರಹಕ್ಕೆ ಅದರ ಅಗತ್ಯ ಕಾಣಲಿಲ್ಲ.

ಡೋರಾ ಪ್ರಕರಣದಲ್ಲಿ ನಮಗೆ ತೀರಾ ಹತ್ತಿರವಾದ ಇನ್ನೊಂದು ಎಳೆಯಿದೆ. ಅವಳನ್ನು ಕರೆತಂದದ್ದು ತಂದೆ, ಫೀಸು ಕೊಟ್ಟದ್ದು ತಂದೆ. ಅವನೂ ಹಿಂದೆ ಫ್ರಾಯ್ಡ್‌ನಿಂದಲೇ ಚಿಕಿತ್ಸೆ ಪಡೆದವನು. ಮಗಳಿಗೆ ಬುದ್ಧಿ ಹೇಳಿ ಸರಿದಾರಿಗೆ ತರಬೇಕೆಂಬುದು ಅವನ ಬಯಕೆ. ಈ ದೃಶ್ಯವನ್ನು ನಮ್ಮ ಯಾವುದೇ ಊರಿನ ಆಪ್ತಸಮಾಲೋಚಕರ ಕೋಣೆಯ ಹೊರಗೆ ಇವತ್ತೂ ನೋಡಬಹುದು. ಒಳಗೆ ಹೋದವರು ಹೊರಬರುವಷ್ಟರಲ್ಲಿ ಬೆಂಚಿನ ಮೇಲೆ ಕೂತ ಅಪ್ಪನೋ ಅತ್ತೆಯೋ ಗಂಡನೋ ಎದ್ದು ನಿಂತಿರುತ್ತಾರೆ: 'ಏನಂದಳು ಡಾಕ್ಟ್ರೇ?' ಆ ಪ್ರಶ್ನೆಯಲ್ಲಿ ಕಾಳಜಿಯೂ ಇರುತ್ತದೆ, ಅಧಿಕಾರವೂ ಇರುತ್ತದೆ. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಮನೆಯವರ ಊಟ, ಔಷಧಿ, ಬಸ್ ಚಾರ್ಜು, ಕಾವಲು ಇವುಗಳಿಲ್ಲದೆ ನಮ್ಮಲ್ಲಿ ಚಿಕಿತ್ಸೆ ನಡೆಯುವುದೇ ಕಷ್ಟ. ಆದರೆ ಹಲವು ಸಲ ಸಂಕಟದ ಮೂಲವೂ ಅದೇ ಮನೆಯಲ್ಲಿರುತ್ತದೆ.

ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ಇಲ್ಲಿ ಒಂದು ಗೆರೆ ಎಳೆದಿದೆ. ಅದರ 23ನೇ ಸೆಕ್ಷನ್ ತನ್ನ ಮಾನಸಿಕ ಆರೋಗ್ಯ, ಚಿಕಿತ್ಸೆಯ ಕುರಿತ ಗೋಪ್ಯತೆಯನ್ನು ವ್ಯಕ್ತಿಯ ಹಕ್ಕು ಎನ್ನುತ್ತದೆ. ವೈದ್ಯರ ಔದಾರ್ಯ ಎನ್ನುವುದಿಲ್ಲ. ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಹಾನಿಯ ಸಾಧ್ಯತೆ, ನ್ಯಾಯಾಲಯದ ಆದೇಶ ಮುಂತಾದ ವಿನಾಯಿತಿಗಳನ್ನು ಅದು ಹೆಸರಿಸಿ ಹೇಳುತ್ತದೆ. ನಾಮನಿರ್ದೇಶಿತ ಪ್ರತಿನಿಧಿಗೆ ತನ್ನ ಕರ್ತವ್ಯಕ್ಕೆ ಬೇಕಾದ ಮಾಹಿತಿ ಕೊಡಬಹುದು ಎನ್ನುತ್ತದೆ. 24ನೇ ಸೆಕ್ಷನ್ ಪ್ರಕಾರ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಕಂಪ್ಯೂಟರ್‌ನಲ್ಲಿ ಇಟ್ಟ ದಾಖಲೆಗೂ ಇದೇ ನಿಯಮ.

ಕಾಯ್ದೆ ವೈದ್ಯರನ್ನು, ಆಸ್ಪತ್ರೆಯನ್ನು ಕಟ್ಟಿಹಾಕಬಲ್ಲದು. ಮನೆಯನ್ನು, ಬೀದಿಯನ್ನು? ಕನ್ನಡದಲ್ಲಿ ಈ ಪ್ರಶ್ನೆಯನ್ನು ಕೇಳಿದವರು ತ್ರಿವೇಣಿ. 'ಶರಪಂಜರ'ದ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾದಿಂದ ಕಾವೇರಿಯ ಕಥೆ ಓದದವರಿಗೂ ಗೊತ್ತು. ಅಲ್ಲಿ ಯಾವ ವೈದ್ಯರೂ ಗುಟ್ಟು ಬಿಟ್ಟುಕೊಟ್ಟಿಲ್ಲ. ಅವಳು ಎಲ್ಲಿಂದ ಬಂದಳೆಂಬುದೇ ಸಾಕಾಗುತ್ತದೆ. ಅವಳ ಸಿಟ್ಟು ಸಿಟ್ಟಲ್ಲ, ಕಾಯಿಲೆಯ ಲಕ್ಷಣ. ಅವಳ ಅನುಮಾನ ಅನುಮಾನವಲ್ಲ, ಹುಚ್ಚು. ಡೋರಾಳ ಮಾತಿಗೆ ಅರ್ಥ ಹಚ್ಚಿದವನು ಒಬ್ಬ ವೈದ್ಯ, ಕಾವೇರಿಯ ಮಾತಿಗೆ ಅರ್ಥ ಹಚ್ಚಲು ನೆರೆಹೊರೆಯೆಲ್ಲ ಸಿದ್ಧವಾಗಿದೆ. ಗೋಪ್ಯತೆಯಿಲ್ಲದ ಕಡೆ ಮನುಷ್ಯರು ಕಳೆದುಕೊಳ್ಳುವುದು ಮಾನವನ್ನಷ್ಟೇ ಅಲ್ಲ, ತಮ್ಮ ಮಾತನ್ನು ಮಾತೆಂದೇ ಕೇಳಿಸಿಕೊಳ್ಳುವ ಅವಕಾಶವನ್ನು. ಇದನ್ನು ತೋರಿಸಿದ್ದು ಆ ಕೃತಿಯ ಹೆಚ್ಚುಗಾರಿಕೆ.

ಹಾಗಾದರೆ ಬರೆಯುವಾಗ ಹೆಸರಿನ ಜೊತೆಗೆ ಊರು, ವಯಸ್ಸು, ಸಂಬಂಧ ಎಲ್ಲವನ್ನೂ ಬದಲಿಸಿಬಿಟ್ಟರಾಯಿತಲ್ಲ ಎನ್ನಬಹುದು. ಇದಕ್ಕೂ ಫ್ರಾಯ್ಡ್‌ನಲ್ಲೇ ಉತ್ತರವಿದೆ. 1895ರ ಪುಸ್ತಕದಲ್ಲಿ ಕತರೀನಾ ಎಂಬ ಹಳ್ಳಿಯ ಹುಡುಗಿಯ ಪ್ರಕರಣ ಬರುತ್ತದೆ. ಬೆಟ್ಟದ ಮೇಲಿನ ವಸತಿಗೃಹದಲ್ಲಿ ಫ್ರಾಯ್ಡ್‌ಗೆ ಎದುರಾದ ಅವಳು ತನ್ನ ಚಿಕ್ಕಪ್ಪನಿಂದ ಆದ ದೌರ್ಜನ್ಯವನ್ನು ಹೇಳುತ್ತಾಳೆ. 1924ರಲ್ಲಿ ಫ್ರಾಯ್ಡ್ ಅಡಿಟಿಪ್ಪಣಿ ಸೇರಿಸಿದ: ಅವನು ಚಿಕ್ಕಪ್ಪನಲ್ಲ, ತಂದೆ. ಇಂಥ ಬದಲಾವಣೆಯನ್ನು ಪ್ರಕರಣ ಕಥನದಲ್ಲಿ ಮಾಡಲೇಬಾರದು. ಒಂದು ಬೆಟ್ಟದ ಘಟನೆಯನ್ನು ಇನ್ನೊಂದು ಬೆಟ್ಟಕ್ಕೆ ಸಾಗಿಸಿದಷ್ಟು ಸಣ್ಣ ಸಂಗತಿ ಇದಲ್ಲ ಎಂಬುದು ಅದರ ಸಾರ. ಅಂದರೆ ಇಪ್ಪತ್ತೊಂಬತ್ತು ವರ್ಷ ಓದುಗರು ಓದಿದ್ದು ಬೇರೆಯೇ ಕಥೆಯನ್ನು. ಗುಟ್ಟನ್ನು ಕಾಪಾಡಲು ಹೋಗಿ ಸತ್ಯವೇ ಜಾಗ ಬದಲಿಸಿತ್ತು. ಕಾಪಾಡಿದ್ದು ಯಾರನ್ನು ಎಂಬುದನ್ನೂ ಯೋಚಿಸಬೇಕು. ಆ ಬದಲಾವಣೆಯ ಮರೆಯಲ್ಲಿ ಹುಡುಗಿಗಿಂತ ಹೆಚ್ಚು ಸುರಕ್ಷಿತನಾದವನು ತಂದೆ.

ಈ ಭಾಗವನ್ನು ಕನ್ನಡಕ್ಕೆ ತರುವುದಾದರೆ ಸಮಸ್ಯೆ ಇನ್ನೂ ತೀವ್ರವಾಗುತ್ತದೆ. ಜರ್ಮನ್, ಇಂಗ್ಲಿಷ್‌ಗಳಲ್ಲಿ ಒಂದೇ ಪದದಲ್ಲಿ ಮುಗಿಯುವ ಸಂಬಂಧ ನಮ್ಮಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಂದು ಒಡೆಯುತ್ತದೆ. ಚಿಕ್ಕಪ್ಪ ಎಂದರೆ ಅಪ್ಪನ ಸ್ಥಾನದವನು. ಸೋದರಮಾವ ಎಂದರೆ ನಮ್ಮ ಅನೇಕ ಸಮುದಾಯಗಳಲ್ಲಿ ಮದುವೆಯಾಗಬಹುದಾದವನು. ಒಂದು ಪದ ಬದಲಿಸಿದರೆ ಭಯದ ಬಣ್ಣವೇ ಬದಲಾಗುತ್ತದೆ, ಮನೆಯವರು ಯಾಕೆ ಸುಮ್ಮನಿದ್ದರು ಎಂಬುದರ ಕಾರಣವೂ ಬದಲಾಗುತ್ತದೆ. ಕನ್ನಡದಲ್ಲಿ ಪ್ರಕರಣ ಕಥನ ಬರೆಯುವವರಿಗೆ ಯಾವ ವಿವರವೂ ಕೇವಲ ವಿವರವಲ್ಲ. ಜಾತಿ, ಊಟ, ಆಡುಮಾತು ಎಲ್ಲವೂ ಗುರುತು ಹೇಳುತ್ತವೆ, ಸಂಕಟದ ಕಾರಣವನ್ನೂ ಅವೇ ಹೇಳುತ್ತವೆ. ಇಟ್ಟರೆ ವ್ಯಕ್ತಿ ಬಯಲಾಗುತ್ತಾರೆ, ತೆಗೆದರೆ ಕಥೆ ಸುಳ್ಳಾಗುತ್ತದೆ. ಬರೆಯುವವರು ಒಬ್ಬರೇ ಕೂತು ಬಿಡಿಸಬಹುದಾದ ಗಂಟಲ್ಲ ಇದು.

ವೇಷ ಹಾಕಿಸಿದ ಕಥೆಯನ್ನು ಆ ವ್ಯಕ್ತಿಯೇ ಓದಿದರೆ ಏನಾಗುತ್ತದೆ? ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್‌ನ ಮನೋವಿಶ್ಲೇಷಕ ಹ್ಯಾನ್ಸ್ ಕ್ಲೈನ್‌ಶ್ಮಿಟ್ 1967ರಲ್ಲಿ ಸೃಜನಶೀಲತೆಯ ಕುರಿತ ಲೇಖನವೊಂದರಲ್ಲಿ ರಾತ್‌ನನ್ನು ದಕ್ಷಿಣ ರಾಜ್ಯಗಳ ನಾಟಕಕಾರನೆಂದು ಬದಲಿಸಿ ಬರೆದಿದ್ದ. ಫ್ರಾಯ್ಡ್‌ನ ಹುಡುಗಿಗೆ ಇಲ್ಲದಿದ್ದ ಆಯುಧ ರಾತ್‌ನ ಕೈಯಲ್ಲಿತ್ತು. 1974ರ 'ಮೈ ಲೈಫ್ ಆ್ಯಸ್ ಎ ಮ್ಯಾನ್' ಕಾದಂಬರಿಯಲ್ಲಿ ಲೇಖಕ ಟಾರ್ನೊಪೋಲ್ ತನ್ನ ಡಾಕ್ಟರ್ ಸ್ಪೀಲ್‌ಫೋಗೆಲ್ ಬರೆದ ಲೇಖನದಲ್ಲಿ ತನ್ನನ್ನೇ ಕಾಣುತ್ತಾನೆ, ಇಟಾಲಿಯನ್ ಮೂಲದ ಕವಿಯ ವೇಷದಲ್ಲಿ. ಅವನ ಜಗಳಕ್ಕೆ ಎರಡು ಮುಖ. ಬೇರೆಯವರಿಗೆ ನಾನೆಂದು ಗೊತ್ತಾಗುತ್ತದೆ ಎಂಬುದು ಒಂದು. ಇದು ನಾನಲ್ಲವೇ ಅಲ್ಲ, ಯೆಹೂದಿ ಕಾದಂಬರಿಕಾರನೂ ಇಟಾಲಿಯನ್ ಕವಿಯೂ ಒಂದೇ ಎಂದು ಹೇಗೆ ಭಾವಿಸಿದಿರಿ ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ನಿಜ. ಗುರುತು ಸಿಗುವಷ್ಟು ನಾನು, ಅನ್ಯಾಯವಾಗುವಷ್ಟು ನಾನಲ್ಲ. ಪ್ರಕರಣ ಕಥನದ ಒಳಗೆ ಸಿಕ್ಕಿಕೊಂಡವರ ಪಾಡನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಬೇರೆ ಕಾದಂಬರಿಯನ್ನು ನಾನು ಓದಿಲ್ಲ. ಆದರೆ ತನ್ನ ಕಥೆಯನ್ನು ವಾಪಸು ಬರೆಯುವ ಶಕ್ತಿ ಎಷ್ಟು ಜನಕ್ಕಿದೆ?

ಇನ್ನು ವ್ಯಕ್ತಿಯೇ ಇಲ್ಲವಾದ ಮೇಲೆ? ಕವಿ ಆ್ಯನ್ ಸೆಕ್ಸ್‌ಟನ್ 1974ರಲ್ಲಿ ತೀರಿಕೊಂಡರು. 1991ರಲ್ಲಿ ಡಯಾನ್ ವುಡ್ ಮಿಡ್ಲ್‌ಬ್ರುಕ್ ಬರೆದ ಜೀವನಚರಿತ್ರೆ ಬಂದಾಗ ಗಲಾಟೆಯೆದ್ದಿತು. ಸೆಕ್ಸ್‌ಟನ್ ಅವರ ಮನೋವೈದ್ಯ ಮಾರ್ಟಿನ್ ಓರ್ನ್ ಚಿಕಿತ್ಸೆಯ ಮುನ್ನೂರಕ್ಕೂ ಹೆಚ್ಚು ಗಂಟೆಗಳ ಟೇಪುಗಳನ್ನು ಜೀವನಚರಿತ್ರೆಕಾರರಿಗೆ ಕೊಟ್ಟಿದ್ದರು. ಸಾಹಿತ್ಯಕ ಹಕ್ಕುಗಳ ಹೊಣೆ ಹೊತ್ತ ಮಗಳ ಒಪ್ಪಿಗೆಯಿತ್ತು. ತನ್ನ ಟೇಪುಗಳಿಂದ ಬೇರೆಯವರಿಗೆ ಸಹಾಯವಾಗಲಿ ಎಂಬ ಇಚ್ಛೆ ಸೆಕ್ಸ್‌ಟನ್ ಅವರಿಗೆ ಇತ್ತೆಂಬುದು ಓರ್ನ್ ಅವರ ಸಮರ್ಥನೆ. ತನ್ನ ಹುಚ್ಚು, ಆಸ್ಪತ್ರೆ, ಸಾವಿನ ಬಯಕೆಗಳನ್ನೆಲ್ಲ ಕವಿತೆಯಲ್ಲಿ ಬಿಚ್ಚಿಟ್ಟವರಿಗೆ ಮುಚ್ಚಿಡಲು ಏನು ಉಳಿದಿತ್ತು ಎಂದೂ ಕೇಳಬಹುದು.

ಈ ಕೊನೆಯ ವಾದವನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಒಪ್ಪಬಾರದು. ಕವಿತೆಯಲ್ಲಿ ಹೇಳಿಕೊಳ್ಳುವುದೂ ಕೋಣೆಯಲ್ಲಿ ಹೇಳಿಕೊಳ್ಳುವುದೂ ಒಂದೇ ಅಲ್ಲ. ಕವಿತೆಯಲ್ಲಿ ಯಾವ ಸಾಲು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಿದವರು ಸೆಕ್ಸ್‌ಟನ್. ಟೇಪಿನಲ್ಲಿ ಆ ಆಯ್ಕೆ ಇಲ್ಲ; ಅಲ್ಲಿ ತಡವರಿಕೆ, ಅಳು, ಸುಳ್ಳು, ಬೇರೆಯವರ ಮೇಲಿನ ದೂರು ಎಲ್ಲವೂ ಒಟ್ಟಿಗಿರುತ್ತವೆ. ಆ ಟೇಪುಗಳು ಶುರುವಾದದ್ದು ಯಾಕೆಂಬುದು ಇನ್ನೂ ಮುಖ್ಯ. ಮಾತುಕತೆ ಮುಗಿದ ಮೇಲೆ ಏನು ನಡೆಯಿತೆಂಬುದು ಅವರಿಗೆ ನೆನಪಿರುತ್ತಿರಲಿಲ್ಲ. ಅದಕ್ಕಾಗಿ ಓರ್ನ್ ರೆಕಾರ್ಡ್ ಮಾಡಿದರು. ಸೆಕ್ಸ್‌ಟನ್ ಅದನ್ನು ಮತ್ತೆ ಕೇಳಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಅಂದರೆ ಆ ದಾಖಲೆಯ ಮೊದಲ ಕೇಳುಗರು ಅವರೇ. ತನ್ನ ಮಾತನ್ನು ತಾನೇ ಮತ್ತೆ ಪಡೆಯಲೆಂದು ಮಾಡಿದ್ದು ಅದು. 1991ರಲ್ಲಿ ಬದಲಾದದ್ದು ಕೇಳುಗರು. ಆಗ ಬೇಡವೆನ್ನಲು, ಇಷ್ಟು ಸಾಕು ಎನ್ನಲು ಅವರಿರಲಿಲ್ಲ. ಮಿಡ್ಲ್‌ಬ್ರುಕ್ ಅವರ ಪುಸ್ತಕ ಒಳ್ಳೆಯ ಪುಸ್ತಕ. ಅದು ಒಳ್ಳೆಯದಾಗಿರುವುದರಿಂದಲೇ ಈ ಪ್ರಶ್ನೆ ಕರಗುವುದಿಲ್ಲ.

ಪ್ರಕರಣ ಕಥನವನ್ನೇ ಬರೆಯಬಾರದೆಂದು ಇದರ ಅರ್ಥವೇ? ಹಾಗೆ ಹೇಳುವುದು ತಪ್ಪಾಗುತ್ತದೆ. ಕನ್ನಡದಲ್ಲಿ ಮನಸ್ಸಿನ ಕಾಯಿಲೆಯನ್ನು ದೆವ್ವ, ಗ್ರಹಚಾರಗಳಿಂದ ಬಿಡಿಸಿ ತಿಳಿಸಿಕೊಟ್ಟ ವೈದ್ಯ ಲೇಖಕರ ಋಣ ದೊಡ್ಡದು. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಕುರಿತ ಬರಹವನ್ನು ಸಾಹಿತ್ಯವೆಂದೇ ಗೌರವಿಸಿದ ಪರಂಪರೆ ನಮ್ಮದು. ಯಾರದೋ ಕಥೆ ಓದಿ, 'ನನಗೊಬ್ಬಳಿಗೇ ಹೀಗಾಗಿರುವುದಲ್ಲ' ಎಂದು ಧೈರ್ಯ ತಂದುಕೊಂಡವರು ಈ ಅಂಕಣಗಳ ಓದುಗರಲ್ಲಿ ಖಂಡಿತ ಇದ್ದಾರೆ. ಕಥೆಗಳು ನಿಂತರೆ ಅವರಿಗೆ ನಷ್ಟ. ಬೇಕಾಗಿರುವುದು ಮೌನವಲ್ಲ, ಮೊದಲ ಓದುಗರ ಜಾಗ ಯಾರದೆಂಬ ತೀರ್ಮಾನ.

ಆ ಜಾಗವನ್ನು ಬಿಟ್ಟುಕೊಡುವ ಪ್ರಯತ್ನಗಳೂ ನಡೆದಿವೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ರೋಗಿಯ ಗುರುತು ಸಿಗುವಂತಿದ್ದರೆ ಪ್ರಕಟಿಸುವ ಮೊದಲು ಹಸ್ತಪ್ರತಿಯನ್ನು ಅವರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಇನ್ನೂ ಮುಂದೆ ಹೋದದ್ದು ಅಮೆರಿಕದ ಮನೋವೈದ್ಯ ಅರ್ವಿನ್ ಯಾಲಮ್ ಅವರ 1974ರ 'ಎವ್ವೆರಿ ಡೇ ಗೆಟ್ಸ್ ಎ ಲಿಟ್ಲ್ ಕ್ಲೋಸರ್'. ಬರೆಯಲಾಗದೆ ಒದ್ದಾಡುತ್ತಿದ್ದ ಯುವ ಲೇಖಕಿಯೊಬ್ಬರ ಬಳಿ ಅವರು ಫೀಸಿನ ಬದಲು ಬರಹ ಕೇಳಿದರು. ಪ್ರತಿ ಭೇಟಿಯ ನಂತರ ಇಬ್ಬರೂ ಬೇರೆ ಬೇರೆಯಾಗಿ ಬರೆದರು, ಕೆಲವು ತಿಂಗಳಿಗೊಮ್ಮೆ ಒಬ್ಬರದನ್ನು ಒಬ್ಬರು ಓದಿದರು. ಒಂದೇ ಗಂಟೆಯ ಎರಡು ಕಥೆಗಳು ಪುಸ್ತಕದಲ್ಲಿ ಅಕ್ಕಪಕ್ಕ ಇವೆ. ವೈದ್ಯರಿಗೆ ಮಹತ್ವದ್ದೆನಿಸಿದ ವ್ಯಾಖ್ಯಾನ ಆಕೆಯ ಪುಟದಲ್ಲಿ ಕಾಣದೆಹೋಗಬಹುದು, ವೈದ್ಯರು ಗಮನಿಸದ ಸಣ್ಣ ಮಾತು ಅಲ್ಲಿ ದೊಡ್ಡದಾಗಬಹುದು. ಹಾಗೆ ಓದುವಾಗ ಡೋರಾ ಪ್ರಕರಣದಲ್ಲಿ ಕಾಣೆಯಾದ ಪುಟ ಯಾವುದೆಂದು ಗೊತ್ತಾಗುತ್ತದೆ.

ಆ ಪುಸ್ತಕದ ಮುಖಪುಟದಲ್ಲಿ ಇಬ್ಬರ ಹೆಸರೂ ಇದೆ. ವೈದ್ಯರದು ನಿಜ ಹೆಸರು. ಆಕೆಯದು ಜಿನ್ನಿ ಎಲ್ಕಿನ್, ಬದಲಿಸಿದ ಹೆಸರು. ತನ್ನ ಕಥೆಯನ್ನು ತಾನೇ ಬರೆದವರಿಗೂ ಅದಕ್ಕೆ ಸಹಿ ಹಾಕುವುದು ಆಗಲಿಲ್ಲ. ಆದರೆ ಇಲ್ಲಿ ಹೆಸರು ಬದಲಾದದ್ದು ಆಕೆಯೂ ಕೂತ ಮೇಜಿನಲ್ಲಿ, ಆಕೆ ಬರೆದ ಪುಟಗಳ ಮೇಲೆ. ನಮ್ಮ ಅಂಕಣಗಳ ಆವರಣ ಚಿಹ್ನೆಯೊಳಗೆ ಎರಡು ಪದಗಳ ಜೊತೆ ಇನ್ನೊಂದು ವಾಕ್ಯ ಸೇರುವ ದಿನ ಬರಲಿ: ಇದನ್ನು ಮೊದಲು ಅವರೇ ಓದಿದ್ದಾರೆ.